ಕೊಡಗಿನಿಂದ ನಟನೆಗೆ ಹೊರಟವರಿಗೆ: ರಂಗಶಾಲೆಯೋ, ಸೀರಿಯಲ್ಲೋ, ಸೀದಾ ಸಿನಿಮಾವೋ?

ಕಾಫಿ ಕೊಯ್ಲು ಮುಗಿದು ಮನೆಯಲ್ಲಿ ನಾಲ್ಕು ಕಾಸು ಓಡಾಡುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನನಗೆ ಒಂದೇ ಬಗೆಯ ಫೋನ್‌ಗಳು ಬರುತ್ತವೆ. ಪೊನ್ನಂಪೇಟೆಯಿಂದ ಒಬ್ಬ ತಾಯಿ, ಶನಿವಾರಸಂತೆಯಿಂದ ಒಬ್ಬ ತಂದೆ, ಕೆಲವು ಸಲ ಹುಡುಗಿಯರೇ. "ಅಕ್ಕ, ಡಿಗ್ರಿ ಮುಗೀತು. ಆಕ್ಟಿಂಗ್ ಮಾಡ್ಬೇಕು ಅಂತ ಬಹಳ ಆಸೆ. ನೀನಾಸಂಗೆ ಹೋಗ್ಲಾ, ಸೀರಿಯಲ್ ಆಡಿಷನ್ ಕೊಡ್ಲಾ, ಇಲ್ಲ ಸಿನಿಮಾಗೇ ಟ್ರೈ ಮಾಡ್ಲಾ?"

ನಾನು ನಾಪೋಕ್ಲು ಕಡೆಯವಳು. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು ಸೀರಿಯಲ್‌ಗಳಲ್ಲಿ ಪೋಷಕ ಪಾತ್ರ ಮಾಡಿದ್ದೇನೆ. ನಾಯಕಿಯ ಅತ್ತಿಗೆ, ನಾಯಕನ ಚಿಕ್ಕಮ್ಮ, ಎರಡು ಸಲ ಇನ್‌ಸ್ಪೆಕ್ಟರ್, ಒಂದು ಸಲ ಡಾಕ್ಟರ್. ಮೂರು ಸಿನಿಮಾಗಳಲ್ಲೂ ಇದ್ದೇನೆ. ಈಗ ಊರಲ್ಲೇ ಇದ್ದು ತಿಂಗಳಿಗೆ ಏಳೆಂಟು ದಿನ ಶೂಟಿಂಗ್‌ಗೆ ಹೋಗಿ ಬರುತ್ತೇನೆ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಎತ್ತಿದ ಕೂಡಲೇ ಬರುವ ಹೆಸರು ರಶ್ಮಿಕಾ ಮಂದಣ್ಣ. ಸ್ವಲ್ಪ ಹಿರಿಯರಾದರೆ ಪ್ರೇಮಾ ಎನ್ನುತ್ತಾರೆ. ಇಷ್ಟು ಚಿಕ್ಕ ಜಿಲ್ಲೆಯಿಂದ ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ, ಶ್ವೇತಾ ಚೆಂಗಪ್ಪ, ಕೃಷಿ ತಾಪಂಡ, ವರ್ಷಾ ಬೊಳ್ಳಮ್ಮ, ರೀಷ್ಮಾ ನಾಣಯ್ಯ ಎಂದು ಇಷ್ಟೊಂದು ಜನ ತೆರೆಗೆ ಹೋಗಿರುವುದು ನಿಜಕ್ಕೂ ಹೆಮ್ಮೆಯ ಸಂಗತಿ. ಇವರೆಲ್ಲ ಹೋದ ದಾರಿ ಒಂದೇ ಅಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಒಬ್ಬರಿಗೆ ಮಾಡೆಲಿಂಗ್, ಒಬ್ಬರಿಗೆ ಧಾರಾವಾಹಿ, ಇನ್ನೊಬ್ಬರಿಗೆ ಫೋನಿನಲ್ಲಿ ಮಾಡಿದ ಪುಟ್ಟ ವಿಡಿಯೊ ಬಾಗಿಲು ತೆರೆದಿದೆ.

ಮೊದಲು ಅಳತೆಗೋಲು

ಯಾವ ದಾರಿ ಒಳ್ಳೆಯದು ಎಂದು ಕೇಳುವ ಮುಂಚೆ ಐದು ವಿಷಯಗಳನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಮಾತಾಡಿಕೊಳ್ಳಬೇಕು.

ಮೊದಲನೆಯದು, ಎಷ್ಟು ತಿಂಗಳು ಸಂಪಾದನೆ ಇಲ್ಲದೆ ಕಾಯಬಲ್ಲಿರಿ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ನಟಿಯ ಬದುಕಿನಲ್ಲಿ ಕ್ಯಾಮೆರಾ ಮುಂದೆ ನಿಂತ ದಿನಗಳಿಗಿಂತ ಮುಂದಿನ ಕರೆಗೆ ಕಾದ ದಿನಗಳೇ ಜಾಸ್ತಿ. ತೋಟದ ಮನೆಯವರಿಗೆ ಕಾಯುವುದು ಹೊಸದಲ್ಲ. ಹೂಮಳೆ ಬಿದ್ದಾಗಿನಿಂದ ಕಾಫಿ ಮಾರಿ ದುಡ್ಡು ಕೈಗೆ ಬರುವವರೆಗೆ ವರ್ಷವಿಡೀ ಕಾಯುವವರು ನಾವು. ಆದರೆ ತೋಟದಲ್ಲಿ ಗಿಡ ಕಣ್ಣೆದುರಿಗಿರುತ್ತದೆ, ಇಲ್ಲಿ ಏನೂ ಕಾಣಿಸುವುದಿಲ್ಲ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಓಡಾಟ, ಬಟ್ಟೆ ಎಲ್ಲ ಸೇರಿಸಿ ತಿಂಗಳಿಗೆ ಎಷ್ಟಾಗುತ್ತದೆಂದು ಬರೆಯಿರಿ. ಮನೆಯವರು ಸಾಲ ಮಾಡದೆ ಎಷ್ಟು ತಿಂಗಳು ಅದನ್ನು ಕೊಡಬಲ್ಲರು ಎಂದು ಅದರ ಪಕ್ಕದಲ್ಲೇ ಬರೆಯಿರಿ. ಆ ಅಂಕಿ ಆರಕ್ಕಿಂತ ಕಡಿಮೆಯೋ, ಹದಿನೆಂಟಕ್ಕಿಂತ ಹೆಚ್ಚೋ ಎಂಬುದರ ಮೇಲೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಎರಡನೆಯದು, ನಿಮ್ಮ ದಿನ ಯಾರ ಕೈಯಲ್ಲಿರುತ್ತದೆ ಎಂಬುದು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ 260. ಪುತ್ತರಿ, ಕೈಲ್‌ಪೋದ್ ಹಬ್ಬಗಳಿಗೆ, ಒಕ್ಕದ (ಮನೆತನದ) ಮದುವೆಗೆ ಬರಲೇಬೇಕು ಎನ್ನುವ ಮನೆಯಾದರೆ ಅದನ್ನು ಮೊದಲೇ ಯೋಚಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನ ನಾನು ಮದುವೆ ಸೀನಿನ ಸೆಟ್‌ನಲ್ಲಿದ್ದೆ. ರೇಷ್ಮೆ ಸೀರೆ, ಕೈತುಂಬ ಗಾಜಿನ ಬಳೆ. ಮಕ್ಕಂದೂರಿನ ಚಿಕ್ಕಮ್ಮನ ಮನೆಗೆ ಫೋನ್ ಹೋಗುತ್ತಿರಲಿಲ್ಲ. ಮೇಕಪ್ ರೂಮಿನ ಕಿಟಕಿಯ ಹತ್ತಿರ ಹೋಗಿ ಮತ್ತೆ ಮತ್ತೆ ನಂಬರ್ ಒತ್ತುತ್ತಿದ್ದೆ, ಬಳೆ ಸದ್ದಾದರೆ ಸೌಂಡಿನವರು ಬಯ್ಯುತ್ತಾರೆಂದು ಇನ್ನೊಂದು ಕೈಯಲ್ಲಿ ಅವುಗಳನ್ನು ಹಿಡಿದುಕೊಂಡು. ಮಾರನೆಯ ದಿನದ ಎಪಿಸೋಡ್‌ಗೆ ಆ ಸೀನ್ ಬೇಕಿತ್ತು, ಬಿಡಲಿಲ್ಲ. ರಾತ್ರಿ ಒಂಬತ್ತೂವರೆಗೆ ಪ್ಯಾಕಪ್ ಆದ ಮೇಲೆ ಚಿಕ್ಕಮ್ಮ ಪರಿಹಾರ ಕೇಂದ್ರದಲ್ಲಿ ಕ್ಷೇಮವಾಗಿದ್ದಾರೆಂದು ಗೊತ್ತಾಯಿತು. ಸೀರಿಯಲ್ ಎಂದರೆ ನಿಮ್ಮ ದಿನ ಹೀಗೆ ಬೇರೆಯವರ ಕೈಯಲ್ಲಿರುತ್ತದೆ.

ಮೂರನೆಯದು ನಾಲಿಗೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದ ಮಹಾಪ್ರಾಣಗಳು ಕೈಕೊಡುತ್ತವೆ. ನಾನು 'ಧೈರ್ಯ'ವನ್ನು 'ದೈರ್ಯ' ಎನ್ನುತ್ತಿದ್ದೆ, 'ಭಯ'ವನ್ನು 'ಬಯ'. ಮೊದಲ ಸಿನಿಮಾದಲ್ಲಿ ನನ್ನ ಪಾತ್ರಕ್ಕೆ ಬೇರೆಯವರ ಕಂಠ ಹಾಕಿದರು. ಥಿಯೇಟರಿನಲ್ಲಿ ಕೂತು ನನ್ನ ಮುಖಕ್ಕೆ ಬೇರೆ ಯಾರದೋ ದನಿ ಕೇಳಿದಾಗ ಆದ ಸಂಕಟ ಈಗಲೂ ನೆನಪಿದೆ. ಅವ್ವ ಪಕ್ಕದಲ್ಲಿ ಕೂತಿದ್ದವರು "ಇದು ನೀನಲ್ಲವಲ್ಲ" ಎಂದಿದ್ದರು.

ನಾಲ್ಕನೆಯದು, ನಲವತ್ತರಲ್ಲೂ ಕೆಲಸ ಇರುತ್ತದೆಯೇ ಎಂಬುದು. ಇಪ್ಪತ್ತರ ವಯಸ್ಸಿನಲ್ಲಿ ಇದು ಕಿವಿಗೆ ಬೀಳುವುದೇ ಇಲ್ಲ, ಆದರೂ ಹೇಳುವುದು ನನ್ನ ಕರ್ತವ್ಯ. ಐದನೆಯದು, ಒಲ್ಲದ್ದಕ್ಕೆ 'ಆಗೋದಿಲ್ಲ' ಎಂದು ಹೇಳಿ ಹೊರಬರುವಷ್ಟು ಬಲ ಎಲ್ಲಿ ಸಿಗುತ್ತದೆ ಎಂಬುದು. ಕೆಲವು ದಾರಿಯಲ್ಲಿ ಜೊತೆಗೆ ಹತ್ತು ಜನ ಇರುತ್ತಾರೆ, ಕೆಲವು ದಾರಿಯಲ್ಲಿ ನೀವು ಒಬ್ಬರೇ.

ರಂಗಶಾಲೆಯ ಒಂದು ವರ್ಷ

ಇದನ್ನು ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಾನು ಹೋಗದೆ ಬಿಟ್ಟ ದಾರಿ ಇದು.

ಕನ್ನಡದಲ್ಲಿ ನಟನೆ ಕಲಿಯಬೇಕೆಂದರೆ ಒಳ್ಳೆಯ ಜಾಗಗಳಿಗೆ ಕೊರತೆ ಇಲ್ಲ. ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮೈಸೂರಿನಲ್ಲಿ ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣವಿದೆ, ಅಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಬೆಂಗಳೂರಿನ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ಖರ್ಚಿನ ಲೆಕ್ಕದಲ್ಲಿ ಇವು ಖಾಸಗಿ ಆಕ್ಟಿಂಗ್ ಸ್ಕೂಲ್‌ಗಳಿಗಿಂತ ಬಹಳ ಹಗುರ. ಕೆಲವು ಕಡೆ ವಿದ್ಯಾರ್ಥಿವೇತನವೂ ಸಿಗುತ್ತದೆ. ಸೀಟು ಮಾತ್ರ ಕೆಲವೇ. ಸಂದರ್ಶನದಲ್ಲಿ ಒಂದು ಹಾಡು, ಒಂದು ತುಣುಕು ಅಭಿನಯ ಮಾಡಿಸುತ್ತಾರೆ, ಏನು ಓದಿದ್ದೀರಿ ಎಂದು ಕೇಳುತ್ತಾರೆ.

ಅಲ್ಲಿ ಸಿಗುವುದೇನು? ಬೆಳಿಗ್ಗೆ ವ್ಯಾಯಾಮ, ಧ್ವನಿ ಅಭ್ಯಾಸ, ಯಕ್ಷಗಾನದ ಹೆಜ್ಜೆ, ಕನ್ನಡ ನಾಟಕಗಳನ್ನು ಸಾಲು ಸಾಲಾಗಿ ಓದುವುದು, ಪರದೆ ಕಟ್ಟುವುದು, ಬಟ್ಟೆ ಹೊಲಿಯುವುದು. ಮೇಲೆ ಹೇಳಿದ ನಾಲಿಗೆಯ ತೊಂದರೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೂವತ್ತರ ಮೇಲೆ ನಾನು ಒಂದು ಹದಿನೈದು ದಿನದ ರಂಗಶಿಬಿರಕ್ಕೆ ಹೋಗಿದ್ದೆ. ಎಂಟು ವರ್ಷ ಸೀರಿಯಲ್ ಮಾಡಿದ್ದ ನನಗೆ ರಂಗದ ಮೇಲೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕ್ಲೋಸಪ್‌ನಲ್ಲಿ ಬರೀ ಮುಖ ಆಡಿಸಿ ಕೆಳಗಿನ ಶರೀರವನ್ನೇ ಮರೆತಿದ್ದೆ. ಪಕ್ಕದಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಕೊಡ ಹೊತ್ತ ಹಾಗೆ ನಡೆದು ಬಂದಳು. ಕೊಡ ಇರಲಿಲ್ಲ, ಆದರೆ ನೀರು ತುಳುಕಿದ್ದು ನನಗೆ ಕಾಣಿಸಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಲವತ್ತರ ಪ್ರಶ್ನೆಗೂ ರಂಗಭೂಮಿಯೇ ಗಟ್ಟಿ ಉತ್ತರ ಕೊಡುತ್ತದೆ. ಉಮಾಶ್ರೀ ಅವರನ್ನು ನೋಡಿ. ನಾಟಕದಿಂದ ಬಂದವರು. ಗಿರೀಶ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಚಿತ್ರಕ್ಕೆ 2008ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದಾಗ ಐವತ್ತು ದಾಟಿದ್ದರು. ಆಮೇಲೆ 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮನೆಮನೆಯ ಪುಟ್ಟಕ್ಕನಾದರು. ಅಷ್ಟು ವರ್ಷ ಅವರನ್ನು ನಡೆಸಿಕೊಂಡು ಬಂದದ್ದು ಕಸುಬು.

ತೊಡಕು ಏನೆಂದರೆ, ವರ್ಷ ಮುಗಿದ ಮಾರನೆಯ ದಿನ ಕೈಯಲ್ಲಿ ಕೆಲಸ ಇರುವುದಿಲ್ಲ. ಕೆಲವರಿಗೆ ಊರೂರು ಸುತ್ತಿ ನಾಟಕ ಆಡುವ ನೀನಾಸಂ ತಿರುಗಾಟದಂಥ ತಂಡದಲ್ಲಿ ಜಾಗ ಸಿಗುತ್ತದೆ. ಕೆಲವರು ಶಾಲೆಗಳಲ್ಲಿ ನಾಟಕ ಹೇಳಿಕೊಡುತ್ತಾರೆ, ಬೇಸಿಗೆ ಶಿಬಿರ ಮಾಡುತ್ತಾರೆ. ಬರುವ ದುಡ್ಡಿನಲ್ಲಿ ಒಬ್ಬರ ಜೀವನ ಬಿಗಿಯಾಗಿ ನಡೆಯಬಹುದು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಎಲ್ಲರ ಕಣ್ಣಿಗೆ ಬೀಳಬೇಕು, ಬೇಗ ಹೆಸರಾಗಬೇಕು ಎಂಬ ತಹತಹ ಇರುವವರಿಗೆ ಹೆಗ್ಗೋಡಿನ ಮಳೆಗಾಲ ಬಹಳ ದೀರ್ಘ ಅನಿಸುತ್ತದೆ. ನಮ್ಮ ಮಳೆ ಕಂಡವರಿಗೆ ಅದೇನೂ ಹೆಚ್ಚಲ್ಲ ಎನ್ನುವುದು ಬೇರೆ ಮಾತು.

ಸೀರಿಯಲ್

ಬೇಗ ಸಂಪಾದನೆ ಶುರುವಾಗಬೇಕಾದರೆ ಇದೇ ದಾರಿ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ, ಈ ವಾಹಿನಿಗಳೆಲ್ಲ ಸೇರಿ ದಿನವೂ ಸಂಜೆ ಹತ್ತಾರು ಧಾರಾವಾಹಿ ಪ್ರಸಾರ ಮಾಡುತ್ತವೆ. ಒಂದೊಂದು ಮನೆತನದ ಕಥೆಗೂ ಹತ್ತು ಹನ್ನೆರಡು ಮುಖ ಬೇಕು. ಹಾಗಾಗಿ ಹೊಸಬರಿಗೆ ಬಾಗಿಲು ತೆರೆದೇ ಇರುತ್ತದೆ.

ನಮ್ಮವರೇ ಆದ ಶ್ವೇತಾ ಚೆಂಗಪ್ಪ ಅವರದ್ದು ಈ ದಾರಿಯ ಒಳ್ಳೆಯ ಉದಾಹರಣೆ. 'ಸುಮತಿ', 'ಕಾದಂಬರಿ' ಧಾರಾವಾಹಿಗಳಿಂದ ಮನೆಮಾತಾದರು, ಮುಂದೆ ನಿರೂಪಣೆಗೆ ಬಂದರು, 'ಮಜಾ ಟಾಕೀಸ್'ನಲ್ಲಿ ರಾಣಿಯಾಗಿ ನಗಿಸಿದರು. ಕಿರುತೆರೆಯಲ್ಲೇ ಇದ್ದುಕೊಂಡು ಅಷ್ಟು ದೀರ್ಘ ಕಾಲ ಜನರ ಪ್ರೀತಿ ಉಳಿಸಿಕೊಳ್ಳುವುದು ಸುಲಭವಲ್ಲ. ಸೀರಿಯಲ್ ಮಾಡಿದರೆ ಸಿನಿಮಾ ಬಾಗಿಲು ಮುಚ್ಚುತ್ತದೆ ಎಂದು ಹೆದರಿಸುವವರಿದ್ದಾರೆ. 'ನಂದಗೋಕುಲ'ದಲ್ಲಿದ್ದ ರಾಧಿಕಾ ಪಂಡಿತ್ 2008ರಲ್ಲಿ 'ಮೊಗ್ಗಿನ ಮನಸು' ಮಾಡಿದರು. 'ಅರಸಿ'ಯ ರಚಿತಾ ರಾಮ್ 2013ರಲ್ಲಿ 'ಬುಲ್‌ಬುಲ್' ನಾಯಕಿಯಾದರು. ಆ ಹೆದರಿಕೆ ಬೇಡ.

ಇನ್ನು ಕೆಲಸ ನಡೆಯುವ ಬಗೆ. ಕೆಂಗೇರಿ, ರಾಜರಾಜೇಶ್ವರಿನಗರದ ಕಡೆ ಶೂಟಿಂಗ್ ಮನೆಗಳಿವೆ. ಬೆಳಿಗ್ಗೆ ಒಂಬತ್ತಕ್ಕೆ ಮೇಕಪ್, ರಾತ್ರಿ ಒಂಬತ್ತರವರೆಗೆ ಕೆಲಸ. ಲೀಡ್ ಆದರೆ ತಿಂಗಳಿಗೆ ಇಪ್ಪತ್ತು ದಿನದ ಮೇಲೆ, ಸಪೋರ್ಟಿಂಗ್ ಆದರೆ ಎಂಟರಿಂದ ಹನ್ನೆರಡು ದಿನ. ಸಂಭಾವನೆ ದಿನದ ಲೆಕ್ಕ. ಇವತ್ತು ಮಾಡಿದ ಕೆಲಸದ ದುಡ್ಡು ಎರಡು ಮೂರು ತಿಂಗಳಾದ ಮೇಲೆ ಬರುತ್ತದೆ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ 'ಕೆಲಸ ಸಿಕ್ಕಿತು' ಎಂದು ಮನೆಯವರು ಖರ್ಚು ಕಳಿಸುವುದನ್ನು ನಿಲ್ಲಿಸುವುದೂ ಆಗಲೇ. ಪಾತ್ರದ ಸೀರೆ, ಬ್ಲೌಸ್, ಸರ ಬಹಳ ಕಡೆ ನಮ್ಮದೇ. ಶ್ರೀಮಂತ ಮನೆಯ ಅತ್ತಿಗೆಯ ಪಾತ್ರ ಸಿಕ್ಕರೆ ಸಂಭಾವನೆಯ ಒಂದು ಪಾಲು ಬಟ್ಟೆಗೇ ಹೋಗುತ್ತದೆ. ನನಗೆ ಒಂದು ಕಡೆ ನಾಲ್ಕು ತಿಂಗಳ ಬಾಕಿ ಬರಲೇ ಇಲ್ಲ. ಧಾರಾವಾಹಿ ನಿಂತಿತು, ಮ್ಯಾನೇಜರ್ ಫೋನ್ ಎತ್ತುವುದು ಬಿಟ್ಟರು. 2020ರ ಮಾರ್ಚ್‌ನಲ್ಲಿ ಶೂಟಿಂಗ್ ಪೂರ್ತಿ ನಿಂತಾಗ ಉಳಿತಾಯ ಇದ್ದವರು ಮಾತ್ರ ಬೆಂಗಳೂರಿನಲ್ಲಿ ಉಳಿದರು, ಮಿಕ್ಕವರು ಊರಿಗೆ ಹೊರಟೆವು.

ಕಥೆಯೂ ನಿಮ್ಮ ಕೈಯಲ್ಲಿರುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕ ಇಳಿದರೆ ಒಂದು ಟ್ರ್ಯಾಕ್ ಮುಗಿಸುತ್ತಾರೆ, ನಿಮ್ಮ ಪಾತ್ರ ಅಮೆರಿಕಕ್ಕೆ ಹೋಗುತ್ತದೆ. ನನ್ನ ಒಂದು ಪಾತ್ರ ಹಾಗೆ ಹೋದದ್ದು ಮತ್ತೆ ಬರಲಿಲ್ಲ. ಬಹಳ ಕಡೆ ಸಂಭಾಷಣೆಯನ್ನು ಕ್ಯಾಮೆರಾ ಹಿಂದಿನಿಂದ ಪ್ರಾಂಪ್ಟ್ ಮಾಡುತ್ತಾರೆ, ಕೇಳಿಸಿಕೊಂಡು ಹೇಳುತ್ತೇವೆ. ಕೆಲಸ ಬೇಗ ಆಗುತ್ತದೆ, ಬಾಯಿಪಾಠ ಮಾಡುವ ಶಕ್ತಿ ಕುಂದುತ್ತದೆ. ಧ್ವನಿ ಸೆಟ್‌ನಲ್ಲೇ ದಾಖಲಾಗುವುದರಿಂದ ನಾಲಿಗೆ ಸ್ವಲ್ಪ ಸುಧಾರಿಸುತ್ತದೆ ಎಂಬುದು ಒಂದು ಲಾಭ. ಇನ್ನೊಂದು ಲಾಭ ದೊಡ್ಡದು: ಸೆಟ್‌ನಲ್ಲಿ ನಲವತ್ತು ಐವತ್ತು ಜನ ಇರುತ್ತಾರೆ, ಹಿರಿಯ ನಟಿಯರು ಇರುತ್ತಾರೆ, ಊಟ ಒಟ್ಟಿಗೆ. ಹೊಸ ಹುಡುಗಿಗೆ ಇದು ಸಣ್ಣ ರಕ್ಷಣೆಯಲ್ಲ.

ಸೀದಾ ಸಿನಿಮಾ

ವಿರಾಜಪೇಟೆಯಲ್ಲಿ ಹುಟ್ಟಿ ಗೋಣಿಕೊಪ್ಪದಲ್ಲಿ ಓದಿದ ರಶ್ಮಿಕಾ, ಬೆಂಗಳೂರಿನಲ್ಲಿ ಕಾಲೇಜಿನಲ್ಲಿರುವಾಗ 2014ರಲ್ಲಿ ಒಂದು ಸೌಂದರ್ಯ ಸ್ಪರ್ಧೆ ಗೆದ್ದರು. 2016ರ ಕೊನೆಯಲ್ಲಿ 'ಕಿರಿಕ್ ಪಾರ್ಟಿ' ಬಂತು. 2018ರಲ್ಲಿ ತೆಲುಗಿನ 'ಚಲೋ', 'ಗೀತ ಗೋವಿಂದಂ'. 2021ರಲ್ಲಿ 'ಪುಷ್ಪ', 2023ರಲ್ಲಿ ಹಿಂದಿಯ 'ಅನಿಮಲ್'. ತಮಿಳೂ ಸೇರಿದರೆ ಏಳು ವರ್ಷದಲ್ಲಿ ನಾಲ್ಕು ಭಾಷೆ. ಆ ಹುಡುಗಿಯ ದುಡಿಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಿಂದಿನ ತಲೆಮಾರಿನಲ್ಲಿ ಪ್ರೇಮಾ 1995ರ 'ಓಂ'ನಿಂದ 2000ದ 'ಯಜಮಾನ'ದವರೆಗೆ ಕನ್ನಡದ ಮುಂಚೂಣಿ ನಾಯಕಿಯಾಗಿ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2010ರ 'ಪಂಚರಂಗಿ'ಯ ನಿಧಿ ಸುಬ್ಬಯ್ಯ ಮಾಡೆಲಿಂಗ್‌ನಿಂದ ಬಂದವರು. ವರ್ಷಾ ಬೊಳ್ಳಮ್ಮ ಡಬ್‌ಸ್ಮ್ಯಾಷ್ ವಿಡಿಯೊಗಳಿಂದ ಗುರುತಾಗಿ ತಮಿಳಿಗೆ ಹೋದರು. '96', 'ಬಿಗಿಲ್' ಚಿತ್ರಗಳಲ್ಲಿ ಅವರನ್ನು ನೋಡಿರುತ್ತೀರಿ. ಇವರಿಂದ ಕಲಿಯಬೇಕಾದ್ದು ಒಂದಿದೆ. ಒಂದೇ ಭಾಷೆಗೆ ಕಟ್ಟುಬೀಳದೆ ಹೋದವರಿಗೆ ಅವಕಾಶದ ಹರವು ದೊಡ್ಡದಾಯಿತು. ಮನೆಯಲ್ಲಿ ಎರಡು ಮೂರು ಭಾಷೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ನಿಜವಾದ ಬಲ.

ಆದರೆ ಈ ದಾರಿಗೆ ಕಾಯುವ ಶಕ್ತಿ ಎಲ್ಲಕ್ಕಿಂತ ಹೆಚ್ಚು ಬೇಕು. ಪೋರ್ಟ್‌ಫೋಲಿಯೊ, ಬಟ್ಟೆ, ಜಿಮ್, ನೃತ್ಯದ ಕ್ಲಾಸು, ಮೀಟಿಂಗಿಗೆ ಓಡಾಟ. ಒಂದು ಸಿನಿಮಾ ಒಪ್ಪಿದ ಮೇಲೂ ಅದು ತೆರೆಗೆ ಬರಲು ವರ್ಷ, ಎರಡು ವರ್ಷ. ಶೂಟಿಂಗ್ ಮುಗಿದೂ ಬಿಡುಗಡೆಯಾಗದ ಚಿತ್ರ ನನ್ನ ಲೆಕ್ಕದಲ್ಲೇ ಒಂದಿದೆ. ಮೊದಲ ಚಿತ್ರಕ್ಕೆ ಹೆಸರಿಗಷ್ಟು ಸಂಭಾವನೆ. ಅದು ಓಡದಿದ್ದರೆ ಎರಡನೆಯದಕ್ಕೆ ಮತ್ತೆ ಮೊದಲಿನಿಂದ. ಚಿತ್ರರಂಗ ನಾಯಕಿಗೆ ಕೊಡುವ ಕಾಲಾವಧಿಯೂ ಚಿಕ್ಕದು. ನಾಯಕರಿಗಿರುವ ಇಪ್ಪತ್ತು ಮೂವತ್ತು ವರ್ಷ ನಾಯಕಿಯರಿಗೆ ಇನ್ನೂ ದಕ್ಕಿಲ್ಲ. ಇದು ಅನ್ಯಾಯ, ಬದಲಾಗಬೇಕು. ಬದಲಾಗುವವರೆಗೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಸುರಕ್ಷತೆಯಲ್ಲೂ ಹೊಸಬಳು ಅತಿ ಒಂಟಿಯಾಗಿರುವುದು ಇಲ್ಲೇ. ಸೀರಿಯಲ್ ಆಡಿಷನ್ ಸಾಮಾನ್ಯವಾಗಿ ಆಫೀಸಿನಲ್ಲಿ, ಹಗಲು ಹೊತ್ತಿನಲ್ಲಿ, ಹತ್ತಾರು ಜನರ ನಡುವೆ. ಸಿನಿಮಾ 'ಮೀಟಿಂಗ್' ಎಂದರೆ ಹೋಟೆಲ್ ಲಾಬಿ, ಸಂಜೆ ಏಳು ಗಂಟೆ ಎಂದೆಲ್ಲ ಬರುತ್ತದೆ. ಜೊತೆಗೆ ಒಬ್ಬರು ಬರುತ್ತಾರೆ ಎಂದು ಮೊದಲೇ ಹೇಳಿ. ಅದಕ್ಕೆ ಮುಖ ಗಂಟು ಹಾಕುವ ಕಡೆ ಹೋಗುವುದೇ ಬೇಡ. ಪಾತ್ರ ಕೊಡಲು, 'ಕಲಾವಿದರ ಕಾರ್ಡ್' ಮಾಡಿಸಲು, ಸ್ಕ್ರೀನ್ ಟೆಸ್ಟಿಗೆ ಎಂದು ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.

ಕೊಡಗಿನ ಹುಡುಗಿಯರು ನೋಡಲು ಚೆಂದ, ಸುಲಭವಾಗಿ ಸಿನಿಮಾ ಸಿಗುತ್ತದೆ ಎಂದು ಹೊರಗಿನವರೂ ಹೇಳುತ್ತಾರೆ, ನಾವೂ ನಂಬಿಬಿಟ್ಟಿದ್ದೇವೆ. ಈ ಮಾತಿನಿಂದ ಎಷ್ಟೋ ಹುಡುಗಿಯರಿಗೆ ಕೆಟ್ಟದ್ದಾಗಿದೆ. ಚೆಂದದ ಮುಖ ಬೆಂಗಳೂರಿನ ಪ್ರತಿ ಆಡಿಷನ್‌ನಲ್ಲೂ ಐವತ್ತು ಇರುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ, ಕಪ್ಪಗಿರುವ, ಅದ್ಭುತವಾಗಿ ಅಭಿನಯಿಸುವ ಹುಡುಗಿಯೊಬ್ಬಳು ನನ್ನ ಶಿಬಿರದಲ್ಲಿದ್ದಳು. "ನಾನು ರಶ್ಮಿಕಾ ಥರ ಇಲ್ಲವಲ್ಲ ಅಕ್ಕ" ಎಂದು ಹಿಂಜರಿದಳು. ಅಂಥವರು ಹಿಂಜರಿಯಬಾರದು. ರಂಗಶಾಲೆಯ ಸಂದರ್ಶನದಲ್ಲಿ ಬಣ್ಣ ನೋಡುವುದಿಲ್ಲ.

ಊರಲ್ಲಿದ್ದುಕೊಂಡೇ

ಇದನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ. ಮಡಿಕೇರಿ ಆಕಾಶವಾಣಿಯಲ್ಲಿ ಕನ್ನಡದ ಜೊತೆ ಕೊಡವ, ಅರೆಭಾಷೆ ಕಾರ್ಯಕ್ರಮಗಳಿವೆ. ಧ್ವನಿ ಪರೀಕ್ಷೆಗೆ ಕರೆದಾಗ ಹೋಗಿ, ಮೈಕಿನ ಮುಂದೆ ಕೂರುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ನಾಟಕ ನಮಗೆ ಹೊಸದೂ ಅಲ್ಲ. ಹರದಾಸ ಅಪ್ಪಚ್ಚಕವಿ ನೂರು ವರ್ಷಕ್ಕೂ ಹಿಂದೆಯೇ ಕೊಡವ ಭಾಷೆಯಲ್ಲಿ ನಾಟಕ ಬರೆದು ಆಡಿಸಿದ ನೆಲ ಇದು. ಕೊಡವ ಸಿನಿಮಾಗಳೂ ಆಗುತ್ತವೆ. ಮೊದಲನೆಯದಾದ 'ನಾಡ ಮಣ್ಣ್ ನಾಡ ಕೂಳ್' ಬಂದದ್ದು 1972ರಲ್ಲಿ. ಆದರೆ 2011ರ ಜನಗಣತಿಯಲ್ಲಿ ಕೊಡವ ಭಾಷಿಕರು ಸುಮಾರು 1.13 ಲಕ್ಷ. ಅಷ್ಟು ಪ್ರೇಕ್ಷಕರನ್ನು ನಂಬಿ ಮಾಡುವ ಚಿತ್ರದಿಂದ ಜೀವನ ನಡೆಯದು, ಅನುಭವ ಸಿಗುತ್ತದೆ. ಕ್ಯಾಮೆರಾ ಮುಂದೆ ಮೊದಲ ಸಲ ತಡವರಿಸುವುದಾದರೆ ನಮ್ಮವರ ನಡುವೆ ತಡವರಿಸುವುದು ಒಳ್ಳೆಯದು.

ಇನ್ನೊಂದು ಕೆಲಸ ಡಬ್ಬಿಂಗ್. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳು ಕನ್ನಡಕ್ಕೆ ಬರತೊಡಗಿದ ಮೇಲೆ ಕಂಠಕ್ಕೆ ಬೇಡಿಕೆ ಹೆಚ್ಚಿದೆ. ಮುಖ, ವಯಸ್ಸು, ತೂಕ ಯಾವುದೂ ಅಡ್ಡಿ ಬರುವುದಿಲ್ಲ. ಕನ್ನಡ ಮಾತ್ರ ಶುದ್ಧವಾಗಿರಬೇಕು.

ಯಾರಿಗೆ ಯಾವುದು

ಇಪ್ಪತ್ತೆರಡು ದಾಟಿಲ್ಲ, ಮನೆಯಲ್ಲಿ ಒಂದು ವರ್ಷದ ಖರ್ಚು ಹೊರುವ ಶಕ್ತಿ ಇದೆ ಎಂದಾದರೆ ನಾನು ಎರಡು ಮಾತಿಲ್ಲದೆ ರಂಗಶಾಲೆ ಎನ್ನುತ್ತೇನೆ. ಮನೆಯಿಂದ ಬಹಳ ದೂರ ಬೇಡ ಎನ್ನುವವರಿಗೆ ಮೈಸೂರು, ಊರು ಮರೆತು ಮುಳುಗಿ ಕಲಿಯುತ್ತೇನೆ ಎನ್ನುವವರಿಗೆ ಹೆಗ್ಗೋಡು. ಆಮೇಲೆ ಸೀರಿಯಲ್ಲಿಗೂ ಹೋಗಬಹುದು, ಸಿನಿಮಾಕ್ಕೂ ಹೋಗಬಹುದು. ತಿರುಗುಮುರುಗಾಗಿ, ಸೀರಿಯಲ್‌ನಲ್ಲಿ ದುಡ್ಡು ಕಂಡ ಮೇಲೆ ಒಂದು ವರ್ಷ ಬಿಟ್ಟು ಕಲಿಯಲು ಹೋದವರನ್ನು ನಾನು ನೋಡಿದ್ದು ಕಡಿಮೆ.

ತಂದೆ ಇಲ್ಲ, ತಮ್ಮ ಓದುತ್ತಿದ್ದಾನೆ, ಮನೆಗೆ ದುಡ್ಡು ಕಳಿಸಬೇಕು ಎಂದಾದರೆ ಸೀರಿಯಲ್. ಅದರಲ್ಲೂ ಲೀಡ್‌ಗಿಂತ ಸಪೋರ್ಟಿಂಗ್ ಪಾತ್ರವೇ ಮೇಲು ಎನ್ನುತ್ತೇನೆ. ಹೇಳಿದರೆ ಹುಡುಗಿಯರಿಗೆ ಬೇಸರವಾಗುತ್ತದೆ. ಲೀಡ್‌ಗೆ ಬೇರೆ ಕಡೆ ಕೆಲಸ ಮಾಡಬಾರದೆಂದು ಒಪ್ಪಂದ ಇರುವುದೇ ಹೆಚ್ಚು. ಸಪೋರ್ಟಿಂಗ್‌ನಲ್ಲಿ ಎರಡು ಧಾರಾವಾಹಿಗೆ ಡೇಟ್ಸ್ ಹೊಂದಿಸಿಕೊಳ್ಳಬಹುದು, ಒಂದು ನಿಂತರೆ ಇನ್ನೊಂದು ಕೈಹಿಡಿಯುತ್ತದೆ. ಹೊರಡುವ ಮುಂಚೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಅಷ್ಟಿಲ್ಲದಿದ್ದರೆ ಬೆಂಗಳೂರಿನಲ್ಲಿ ಬೇರೆ ಕೆಲಸ ಮಾಡುತ್ತ ವಾರಾಂತ್ಯದಲ್ಲಿ ಹವ್ಯಾಸಿ ನಾಟಕ ತಂಡ ಸೇರುವುದು ಒಳ್ಳೆಯದು.

ಮದುವೆಯಾಗಿ ಮೂವತ್ತು ದಾಟಿದವರು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಈಗ ಆಸೆ ಎದ್ದಿದೆ ಎನ್ನುವವರು ಸಂಕೋಚಪಡಬೇಕಿಲ್ಲ. ಅಮ್ಮ, ಅತ್ತೆ, ಲಾಯರ್, ಟೀಚರ್ ಪಾತ್ರಗಳಿಗೆ ಹೊಸ ಮುಖ ಸದಾ ಬೇಕು. ಆಕಾಶವಾಣಿ, ಮೈಸೂರಿನ ಸಣ್ಣ ಶಿಬಿರಗಳು, ಆಮೇಲೆ ತಿಂಗಳಿಗೆ ಎಂಟು ದಿನದ ಸೀರಿಯಲ್. ನನ್ನದು ಈಗ ಹೀಗೇ ನಡೆಯುತ್ತಿದೆ.

ಸೀದಾ ಸಿನಿಮಾ ಎನ್ನುವವರಿಗೆ ಹದಿನೆಂಟು ತಿಂಗಳ ಖರ್ಚು, ಕೈಯಲ್ಲಿ ಒಂದು ಡಿಗ್ರಿ, ಬೆಂಗಳೂರಿನಲ್ಲಿ ನಂಬಿಕಸ್ತ ಸಂಬಂಧಿಕರ ಮನೆ, ಈ ಮೂರೂ ಇದ್ದರೆ ಧೈರ್ಯವಾಗಿ ಹೋಗಿ. ಎರಡೇ ಇದ್ದರೆ ಸ್ವಲ್ಪ ತಡೆಯಿರಿ.

ಮಗುವಿಗಾಗಿ ಕೇಳುವ ತಂದೆ ತಾಯಿ ಒಂದು ಕಾನೂನು ತಿಳಿದಿರಲಿ. ಹದಿನಾಲ್ಕರ ಒಳಗಿನ ಬಾಲನಟರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಪಾದನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ಶಾಲೆ ತಪ್ಪಿಸಿ ಸೆಟ್‌ನಲ್ಲಿ ನಿದ್ದೆಗಣ್ಣಲ್ಲಿ ಕೂತ ಮಕ್ಕಳನ್ನು ಕಂಡು ನನ್ನ ಕರುಳು ಚುರ್ ಎಂದಿದೆ.

ದೊಡ್ಡವರಿಗೂ ಎರಡು ಕಾಗದದ ಮಾತು. ಪ್ಯಾನ್ ಕಾರ್ಡ್ ಮೊದಲೇ ಮಾಡಿಸಿ. ಸಂಭಾವನೆಯಲ್ಲಿ 10 ಶೇಕಡಾ ತೆರಿಗೆ ಮುರಿದುಕೊಂಡು ಕೊಡುತ್ತಾರೆ, ಆದಾಯ ಕಡಿಮೆಯಿದ್ದರೆ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ನಾನು ಮೂರು ವರ್ಷ ಅದನ್ನು ಬಿಟ್ಟುಬಿಟ್ಟಿದ್ದೆ. ಒಪ್ಪಂದದಲ್ಲಿ ಎಷ್ಟು ದಿನದೊಳಗೆ ಪೇಮೆಂಟ್, ಬೇರೆ ಕೆಲಸ ಮಾಡಬಹುದೇ, ಬಿಡಬೇಕಾದರೆ ಎಷ್ಟು ಮುಂಚೆ ತಿಳಿಸಬೇಕು ಎಂಬ ಮೂರು ಸಾಲು ಓದದೆ ಸಹಿ ಮಾಡಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆಂದು ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ, ಕಿತ್ತುಕೊಂಡರೆ ಅದು ಉಳಿಸಿಕೊಳ್ಳಬೇಕಾದ ಕೆಲಸವೂ ಅಲ್ಲ.

ಈ ಏಪ್ರಿಲ್‌ನಲ್ಲಿ ಸುಂಟಿಕೊಪ್ಪದಿಂದ ತಾಯಿ ಮಗಳು ನಮ್ಮ ಮನೆಗೆ ಬಂದಿದ್ದರು. ತಾಯಿ ಅಂಗನವಾಡಿ ಕಾರ್ಯಕರ್ತೆ. ಮಗಳಿಗೆ ಇಪ್ಪತ್ತೊಂದು, ಒಂದು ಸೀರಿಯಲ್ ಆಡಿಷನ್‌ನಲ್ಲಿ ಎರಡನೇ ಸುತ್ತಿನವರೆಗೆ ಹೋಗಿದ್ದಳು. ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಬೆಂಗಳೂರಿನ ಖರ್ಚಿಗೆ ಅವರ ಉಳಿತಾಯ ನಾಲ್ಕೂವರೆ ತಿಂಗಳಿಗೆ ಮುಗಿಯುತ್ತಿತ್ತು. ಅದೇ ದುಡ್ಡು ರಂಗಶಾಲೆಗಾದರೆ ಒಂದು ವರ್ಷಕ್ಕೆ ಸಾಕು, ಸ್ವಲ್ಪ ಉಳಿಯುತ್ತದೆ. ತಾಯಿ ಹಾಳೆಯನ್ನು ಎರಡು ಸಲ ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಮೈಸೂರಾದರೆ ತಿಂಗಳಿಗೊಂದು ಸಲ ನಾನೇ ಹೋಗಿ ಬರ್ತೀನಿ" ಎಂದರು.

ಸಂದರ್ಶನಕ್ಕೆ ಒಂದು ತುಣುಕು ಬಾಯಿಪಾಠ ಮಾಡಿಸಲು ಶುರುಮಾಡಿದೆ. ಕಾಫಿ ಒಣಗಿಸುವ ಕಣ ಖಾಲಿಯಿತ್ತು. ಅವಳನ್ನು ಒಂದು ತುದಿಯಲ್ಲಿ ನಿಲ್ಲಿಸಿ ನಾನು ಇನ್ನೊಂದು ತುದಿಗೆ ಹೋದೆ. ಮಧ್ಯಾಹ್ನದ ಮಳೆ ಬಂದು ಪಕ್ಕದ ಶೆಡ್ಡಿನ ಶೀಟಿನ ಮೇಲೆ ಸದ್ದು ಶುರುವಾಯಿತು. ಮೊದಲ ಸಾಲು ಅರ್ಧ ಕೇಳಿಸಿತು. 'ಧರ್ಮ' ಎಂಬ ಮಾತು 'ದರ್ಮ'ವಾಗಿ ಬಂತು. ಕೈ ಎತ್ತಿ ತೋರಿಸಿದೆ. ಅವಳು ಮುಖದ ನೀರು ಒರೆಸಿಕೊಂಡು, ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ ಹೇಳಿದಳು.